22 ಗಜ ಓಡಿದರೆ ಲಾಭವೋ, ನಷ್ಟವೋ?

ನನ್ನ ಅಕ್ಕನ ಮಗ ಲಾಸ್ ಏಂಜಲೀಸಿನಲ್ಲಿ ಎಂ.ಎಸ್. ಓದುತ್ತಿದ್ದಾನೆ. ಊರಲ್ಲಿದ್ದಾಗ ಅವನಿಗೆ ಕಬಡ್ಡಿ ಹುಚ್ಚು. ಅಲ್ಲಿಗೆ ಹೋದ ಮೇಲೆ ಅಮೆರಿಕನ್ ಫುಟ್‌ಬಾಲ್ ಹುಚ್ಚು ಹತ್ತಿಕೊಂಡಿದೆ. ಮೊನ್ನೆ ಭಾನುವಾರ ನಾನು ಡೇರಿಗೆ ಹಾಲು ಹಾಕಿ ಬರುವಷ್ಟರಲ್ಲಿ ವಾಟ್ಸ್‌ಆ್ಯಪ್‌ಗೆ ಎರಡು ವಿಡಿಯೊ ಬಂದು ಕೂತಿದ್ದವು. ಒಂದು 1972ರದ್ದು, ಇನ್ನೊಂದು 2016ರದ್ದು. ಕೆಳಗೆ ಒಂದೇ ಸಾಲು: "ಮಾಮ, ಇಬ್ಬರಲ್ಲಿ ಯಾರು ದೊಡ್ಡವನು, ಹೇಳು ನೋಡೋಣ."

ಎರಡೂ ವಿಡಿಯೊ ಒಂದೇ ಕಾಲೇಜು ತಂಡದವು. ಯೂನಿವರ್ಸಿಟಿ ಆಫ್ ಸದರ್ನ್ ಕ್ಯಾಲಿಫೋರ್ನಿಯಾ, ಚಿಕ್ಕದಾಗಿ ಯುಎಸ್‌ಸಿ. ಎರಡರಲ್ಲೂ ಎದುರಾಳಿ ನೋಟರ್ ಡೇಮ್ ಕಾಲೇಜು. ಎರಡೂ ಪಂದ್ಯ ನಡೆದದ್ದು ಲಾಸ್ ಏಂಜಲೀಸಿನ ಕೊಲಿಸಿಯಂ ಮೈದಾನದಲ್ಲಿ. ಎರಡರಲ್ಲೂ ಒಬ್ಬ ಹುಡುಗ ಎದುರಾಳಿ ಒದ್ದ ಚೆಂಡನ್ನು ಹಿಡಿದು, 97 ಗಜ ಓಡಿ, ಆ ತುದಿ ಮುಟ್ಟುತ್ತಾನೆ. 1972ರಲ್ಲಿ ಓಡಿದವನು ಆ್ಯಂಟನಿ ಡೇವಿಸ್. 2016ರಲ್ಲಿ ಓಡಿದವನು ಅಡೋರೀ ಜಾಕ್ಸನ್. ಎರಡೂ ದಿನ ಯುಎಸ್‌ಸಿ ಗಳಿಸಿದ್ದು 45 ಅಂಕ, ಎರಡೂ ದಿನ ಗೆದ್ದದ್ದು ಅದೇ.

ಹುಡುಗ ತನ್ನ ತೀರ್ಪನ್ನೂ ಕೊಟ್ಟಿದ್ದ. ಡೇವಿಸ್ ಮೂರು ವರ್ಷದ ಕಾಲೇಜು ಆಟದಲ್ಲಿ ಇಂಥ ಓಟಗಳಲ್ಲಿ ಸರಾಸರಿ 35.1 ಗಜ ಓಡಿದ್ದಾನೆ. ಜಾಕ್ಸನ್ 2016ರಲ್ಲಿ ಅಷ್ಟು ಚೆನ್ನಾಗಿ ಆಡಿದರೂ ಆ ವರ್ಷದ ಸರಾಸರಿ 29.5. "ಲೆಕ್ಕ ಮುಗೀತು ಅಲ್ವಾ ಮಾಮ?"

ಮುಗಿದಿಲ್ಲ ಕಣೋ ಅಂತ ಬರೆದೆ. ಯಾಕೆ ಮುಗಿದಿಲ್ಲ ಅನ್ನುವುದನ್ನು ವಾಟ್ಸ್‌ಆ್ಯಪ್‌ನಲ್ಲಿ ಟೈಪ್ ಮಾಡಲಾಗದೆ ಇಲ್ಲಿ ಬರೆಯುತ್ತಿದ್ದೇನೆ. ಅಮೆರಿಕದ ಆಟ ನಮಗ್ಯಾಕೆ ಅನ್ನಬೇಡಿ. ಇಬ್ಬರನ್ನು, ಎರಡು ವರ್ಷಗಳನ್ನು, ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು "ಏರಿಕೆ", "ಕುಸಿತ" ಎಂದು ಬರೆದೇ ಹೊಟ್ಟೆ ಹೊರೆಯುವ ಸ್ಟ್ರಿಂಗರ್ ನಾನು. ಆ ಕೆಲಸದಲ್ಲಿ ನಾನು ಮಾಡಿದ ಒಂದು ತಪ್ಪೂ ಈ ಬರಹದಲ್ಲಿದೆ. ಮೊದಲು ಆಟ ನೋಡೋಣ.

ಆಟ ಏನು?

ಮೈದಾನ 100 ಗಜ ಉದ್ದ. ಅವರು ಯಾರ್ಡ್ ಅನ್ನುವುದು ನಮ್ಮ ಗಜವೇ, ಮೂರು ಅಡಿ. ಕ್ರಿಕೆಟ್ ಪಿಚ್ 22 ಗಜ ಅಂತ ನಿಮಗೆ ಗೊತ್ತು. ಅಂದರೆ ನಾಲ್ಕೂವರೆ ಪಿಚ್ ಉದ್ದದ ಮೈದಾನ. ಎರಡೂ ತುದಿಯಲ್ಲಿ ಗೋಲಿನ ಗೆರೆ. ಅದರ ಹಿಂದೆ ಇನ್ನೂ ಹತ್ತು ಗಜದ ಪಟ್ಟಿ, ಅದಕ್ಕೆ ಎಂಡ್ ಜೋನ್ ಅನ್ನುತ್ತಾರೆ. ಪ್ರತಿ ತಂಡದ ಅರ್ಧದಲ್ಲೂ ಗೋಲಿನ ಗೆರೆಯಿಂದ 10, 20, 30 ಎಂದು ಗೆರೆಗಳನ್ನು ಎಣಿಸುತ್ತಾ ನಡುಗೆರೆ 50ರವರೆಗೆ ಬರುತ್ತಾರೆ.

ಆಟ ಶುರುವಾಗುವಾಗ, ಅರ್ಧ ಆಟ ಮುಗಿದು ಮತ್ತೆ ಶುರುವಾಗುವಾಗ, ಒಂದು ತಂಡ ಅಂಕ ಗಳಿಸಿದ ಮೇಲೆ, ಆ ತಂಡ ತನ್ನ ಅರ್ಧದಿಂದ ಚೆಂಡನ್ನು ಎದುರಾಳಿಯ ಕಡೆ ಒದೆಯುತ್ತದೆ. ಇದು ಕಿಕಾಫ್. ಆ ಕಡೆ ತುದಿಯಲ್ಲಿ ಒಬ್ಬ ಹುಡುಗ ಕಾಯುತ್ತಿರುತ್ತಾನೆ. ಚೆಂಡು ಹಿಡಿದು, ಒದ್ದವರ ಕಡೆಗೇ ಓಡುತ್ತಾನೆ. ಇದು ಕಿಕ್ ರಿಟರ್ನ್. ಅವನನ್ನು ಬೀಳಿಸಲು ಹನ್ನೊಂದು ಜನ ಎದುರಿನಿಂದ ನುಗ್ಗಿ ಬರುತ್ತಾರೆ. ಅವನ ಹತ್ತು ಜನ ದಾರಿ ಬಿಡಿಸಿಕೊಡುತ್ತಾರೆ.

ನಮ್ಮ ಕಬಡ್ಡಿಯ ರೈಡರ್‌ನನ್ನು ನೆನೆಸಿಕೊಳ್ಳಿ. ಅವನೂ ಒಬ್ಬನೇ ಎದುರಾಳಿಗಳ ಮಧ್ಯೆ ನುಗ್ಗುವವನು. ಆದರೆ ಕಬಡ್ಡಿಯಲ್ಲಿ ಹಿಡಿಯುವವರು ನಾಲ್ಕು ಹೆಜ್ಜೆ ದೂರದಲ್ಲಿ ಕೈಕೈ ಹಿಡಿದು ನಿಂತಿರುತ್ತಾರೆ. ಇಲ್ಲಿ ಹಿಡಿಯುವವರು ಐವತ್ತು ಅರವತ್ತು ಗಜ ದೂರದಿಂದ ಪೂರಾ ವೇಗದಲ್ಲಿ, ಹೆಲ್ಮೆಟ್ ಪ್ಯಾಡ್ ಕಟ್ಟಿಕೊಂಡು ಬಂದು ಡಿಕ್ಕಿ ಹೊಡೆಯುತ್ತಾರೆ. ಹುಡುಗ ಎಲ್ಲಿ ಬಿದ್ದನೋ ಅಲ್ಲಿಂದ ಅವನ ತಂಡದ ಆಟ ಶುರು. ಬೀಳದೆ ಆ ತುದಿ ಮುಟ್ಟಿದರೆ ಟಚ್‌ಡೌನ್, ಆರು ಅಂಕ.

ಇನ್ನೊಂದು ದಾರಿಯೂ ಇದೆ. ಚೆಂಡು ಗೋಲಿನ ಗೆರೆ ದಾಟಿ ಎಂಡ್ ಜೋನ್‌ಗೆ ಬಂದರೆ ಹುಡುಗ ಓಡಲೇಬೇಕೆಂದಿಲ್ಲ. ಅಲ್ಲೇ ಮಂಡಿ ಊರಿ ಕೂತರೆ ಟಚ್‌ಬ್ಯಾಕ್. ಅವನ ತಂಡಕ್ಕೆ ನಿಯಮದಲ್ಲಿ ಹೇಳಿದ ಒಂದು ಗೆರೆಯಿಂದ ಚೆಂಡು ಸಿಗುತ್ತದೆ, ಬೆವರು ಸುರಿಸದೆ. ನಾನು ಇದನ್ನು ಬಿಟ್ಟಿ ಗೆರೆ ಅಂತ ಕರೆಯುತ್ತೇನೆ. ಇಡೀ ಲೆಕ್ಕ ಈ ಬಿಟ್ಟಿ ಗೆರೆಯ ಮೇಲೆ ನಿಂತಿದೆ.

ಅದೇ 22, ಬೇರೆ ಬೆಲೆ

ಕಾಲೇಜು ಆಟದಲ್ಲಿ 2011ರವರೆಗೆ ಬಿಟ್ಟಿ ಗೆರೆ 20ರಲ್ಲಿತ್ತು. 2012ರಲ್ಲಿ ಅದನ್ನು 25ಕ್ಕೆ ಸರಿಸಿದರು.

ಈಗ ಒಬ್ಬ ಹುಡುಗ ಎಂಡ್ ಜೋನ್‌ನಲ್ಲಿ ಚೆಂಡು ಹಿಡಿದು, ಕೂರದೆ ಓಡಿ, 22ನೇ ಗೆರೆಯಲ್ಲಿ ಬಿದ್ದ ಅಂದುಕೊಳ್ಳಿ. 2011ರಲ್ಲಾದರೆ ಕೂತಿದ್ದರೆ ಸಿಗುತ್ತಿದ್ದದ್ದು 20, ಓಡಿ ತಂದದ್ದು 22. ಎರಡು ಗಜ ಲಾಭ. 2012ರಲ್ಲಾದರೆ ಕೂತಿದ್ದರೆ 25, ಓಡಿ ತಂದದ್ದು 22. ಮೂರು ಗಜ ನಷ್ಟ, ಜೊತೆಗೆ ಮೈಗೆ ಪೆಟ್ಟು. ಆದರೆ ಅಂಕಿಅಂಶದ ಪುಸ್ತಕದಲ್ಲಿ ಎರಡೂ ಕಡೆ ಒಂದೇ ಬರಹ: "22 ಗಜ". ಪುಸ್ತಕ ಓಟವನ್ನು ಬರೆದುಕೊಳ್ಳುತ್ತದೆ, ಬಿಟ್ಟಿ ಗೆರೆ ಎಲ್ಲಿತ್ತು ಅನ್ನುವುದನ್ನು ಪಕ್ಕದಲ್ಲಿ ಬರೆಯುವುದಿಲ್ಲ.

ಎಣಿಸುವ ರೀತಿಯಲ್ಲೂ ಒಂದು ಸೂಕ್ಷ್ಮವಿದೆ. ಕಾಲೇಜು ಆಟದ ಲೆಕ್ಕದಲ್ಲಿ ಎಂಡ್ ಜೋನ್ ಒಳಗಿನ ದೂರ ಸೇರುವುದಿಲ್ಲ, ಗೋಲಿನ ಗೆರೆಯಿಂದಲೇ ಎಣಿಕೆ. ಹಾಗಾಗಿ ಅಲ್ಲಿ ಯಾವ ಓಟವೂ 100 ಗಜ ದಾಟುವಂತಿಲ್ಲ. ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನಲ್ಲಿ ಚೆಂಡು ಹಿಡಿದ ಜಾಗದಿಂದ ಎಣಿಸುತ್ತಾರೆ. ಅದಕ್ಕೇ 2013ರಲ್ಲಿ ಕಾರ್ಡರೆಲ್ ಪ್ಯಾಟರ್ಸನ್ ಅಲ್ಲಿ 109 ಗಜದ ರಿಟರ್ನ್ ಮಾಡಿದ ಅಂತ ದಾಖಲೆಯಿದೆ. ಡೇವಿಸ್ 1974ರಲ್ಲಿ ಮಾಡಿದ ಒಂದು ಪ್ರಸಿದ್ಧ ಓಟವನ್ನು ಕೆಲವರು 102 ಗಜ ಅಂತಲೂ ಕೆಲವರು 100 ಅಂತಲೂ ಬರೆಯುತ್ತಾರೆ. ಓಟ ಒಂದೇ, ಟೇಪು ಹಿಡಿದ ಕೈ ಬೇರೆ.

ಕ್ರಿಕೆಟ್‌ನಲ್ಲಿ ನಮಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. 1983ರ ವಿಶ್ವಕಪ್‌ನಲ್ಲಿ ಕಪಿಲ್ ದೇವ್ 175 ಹೊಡೆದದ್ದು 60 ಓವರ್‌ಗಳ ಪಂದ್ಯದಲ್ಲಿ ಅಂತ ಕಟ್ಟೆಯ ಮೇಲೆ ಕೂತ ಯಾರಾದರೊಬ್ಬರು ನೆನಪಿಸಿಯೇ ನೆನಪಿಸುತ್ತಾರೆ. ಗೊತ್ತಿರುವ ಆಟದಲ್ಲಿ ನಿಯಮ ನೆನಪಿರುತ್ತದೆ. ಗೊತ್ತಿಲ್ಲದ ಕಡೆ ಬರೀ ಅಂಕಿ ನಂಬುತ್ತೇವೆ.

ಗೆರೆ ಸರಿದ ಕತೆ

ಡೇವಿಸ್ ಮತ್ತು ಜಾಕ್ಸನ್ ನಡುವೆ 44 ವರ್ಷವಿದೆ. ಅಷ್ಟರಲ್ಲಿ ಏನೇನು ಸರಿಯಿತು ನೋಡಿ.

ಡೇವಿಸ್ ಕಾಲದಲ್ಲಿ ಕಿಕಾಫ್ ಒದೆಯುತ್ತಿದ್ದದ್ದು 40ನೇ ಗೆರೆಯಿಂದ. ಅಲ್ಲಿಂದ ಎದುರಿನ ಗೋಲಿನ ಗೆರೆಗೆ 60 ಗಜ.

1986ರಲ್ಲಿ ಒದೆಯುವ ಗೆರೆ 35ಕ್ಕೆ ಹಿಂದೆ ಬಂತು. ದೂರ 65 ಗಜವಾಯಿತು.

2007ರಲ್ಲಿ ಇನ್ನೂ ಹಿಂದೆ, 30ಕ್ಕೆ. ಈಗ 70 ಗಜ. ಚೆಂಡು ಎಂಡ್ ಜೋನ್ ತಲುಪುವುದು ಕಷ್ಟವಾಯಿತು. ಹುಡುಗರು ಕೂರುವ ಬದಲು ಓಡಲೇಬೇಕಾಯಿತು. ರಿಟರ್ನ್‌ಗಳು ಹೆಚ್ಚಾದವು.

2010ರಲ್ಲಿ ಮೂರು ಅಥವಾ ಹೆಚ್ಚು ಜನ ಭುಜಕ್ಕೆ ಭುಜ ಕೊಟ್ಟು ಗೋಡೆಯಂತೆ ಓಟಗಾರನ ಮುಂದೆ ನುಗ್ಗುವುದನ್ನು ನಿಷೇಧಿಸಿದರು. ಡೇವಿಸ್ ಕಾಲದಲ್ಲಿ ಅದಕ್ಕೆ ಅಡ್ಡಿಯಿರಲಿಲ್ಲ, ಜಾಕ್ಸನ್ ಕಾಲಕ್ಕೆ ಇತ್ತು.

2012ರಲ್ಲಿ ಒದೆಯುವ ಗೆರೆ ಮತ್ತೆ 35ಕ್ಕೆ ಬಂತು, ಬಿಟ್ಟಿ ಗೆರೆ 25ಕ್ಕೆ ಏರಿತು. ಓಡುವುದಕ್ಕಿಂತ ಕೂರುವುದೇ ಲೇಸು ಅನ್ನುವಂತಾಯಿತು.

2018ರಿಂದ ಇನ್ನೂ ಒಂದು ಸೇರಿತು. ತನ್ನ 25ನೇ ಗೆರೆಯೊಳಗೆ ಎಲ್ಲೇ ಚೆಂಡು ಹಿಡಿಯುವಾಗಲೂ ಹುಡುಗ ಕೈ ಎತ್ತಿ ಬೀಸಿ "ಓಡಲ್ಲ" ಅಂತ ಸೂಚಿಸಿದರೆ, ಅವನನ್ನು ಯಾರೂ ಮುಟ್ಟುವಂತಿಲ್ಲ, ಚೆಂಡು 25ರಲ್ಲೇ ಸಿಗುತ್ತದೆ.

ಇದರ ಜೊತೆ ಒದೆಯುವ ಕಾಲೂ ಬದಲಾಯಿತು. 70ರ ದಶಕದಲ್ಲಿ ಬೂಟಿನ ಮೂತಿಯಿಂದ ನೇರವಾಗಿ ಒದೆಯುವವರು ಇನ್ನೂ ಬಹಳ ಇದ್ದರು. ಈಗ ಎಲ್ಲರೂ ಸಾಕರ್‌ನವರ ಹಾಗೆ ಪಕ್ಕದಿಂದ ಓಡಿ ಬಂದು ಪಾದದ ಮೇಲ್ಭಾಗದಿಂದ ಬೀಸಿ ಒದೆಯುತ್ತಾರೆ. ಗೆರೆ ಹಿಂದೆ ಸರಿದರೂ ಚೆಂಡು ದೂರ ಹೋಗುತ್ತದೆ.

ಈ ಪಟ್ಟಿಯನ್ನು ಪಕ್ಕದಲ್ಲಿಟ್ಟು ದಾಖಲೆಗಳನ್ನು ನೋಡಿದರೆ ಕಾಣುವುದೇ ಬೇರೆ. ಕಿಕಾಫ್ ರಿಟರ್ನ್‌ನಲ್ಲಿ ಏಳು ಟಚ್‌ಡೌನ್ ಗಳಿಸಿ ಕಾಲೇಜು ಆಟದ ದಾಖಲೆ ಹಂಚಿಕೊಂಡವರಲ್ಲಿ ಇಬ್ಬರು ಕ್ಲೆಮ್ಸನ್ ಕಾಲೇಜಿನ ಸಿ.ಜೆ. ಸ್ಪಿಲ್ಲರ್ ಮತ್ತು ಹ್ಯೂಸ್ಟನ್ ಕಾಲೇಜಿನ ಟೈರನ್ ಕ್ಯಾರಿಯರ್. ಕ್ಯಾರಿಯರ್ ಆಡಿದ್ದು 2008ರಿಂದ 2011ರವರೆಗೆ. ನಾಲ್ಕಕ್ಕೆ ನಾಲ್ಕು ವರ್ಷವೂ ಒದೆಯುವ ಗೆರೆ 30ರಲ್ಲಿದ್ದ ಕಾಲ. ಸ್ಪಿಲ್ಲರ್‌ನ ನಾಲ್ಕು ವರ್ಷಗಳಲ್ಲಿ ಮೂರು ಅದೇ ಕಾಲದವು. ಅವರ ಓಟ ಕಡಿಮೆಯದು ಅಂತ ನಾನು ಹೇಳುತ್ತಿಲ್ಲ, ಹನ್ನೊಂದು ಜನರನ್ನು ತಪ್ಪಿಸಿ ಓಡುವುದು ಯಾವ ಗೆರೆಯಿಂದ ಒದ್ದರೂ ಸುಲಭವಲ್ಲ. ಆದರೆ ಅವರಿಗೆ ಓಡುವ ಅವಕಾಶ ಹೆಚ್ಚು ಸಲ ಸಿಕ್ಕಿತು. ಮಳೆ ಚೆನ್ನಾಗಿ ಬಂದ ವರ್ಷದ ರಾಗಿಯನ್ನೂ ಬರಗಾಲದ ವರ್ಷದ ರಾಗಿಯನ್ನೂ ಒಂದೇ ಸೇರಿನಲ್ಲಿ ಅಳೆದು ರೈತನನ್ನು ಹೊಗಳಬೇಡಿ, ತೆಗಳಬೇಡಿ.

ದೊಡ್ಡ ಓಟ ತೆಗೆದಿಟ್ಟು ನೋಡಿ

ಈಗ ಹುಡುಗ ಕೊಟ್ಟ ಸರಾಸರಿಗೆ ಬರೋಣ. ಡೇವಿಸ್‌ನ 35.1 ಎಷ್ಟು ಓಟದ ಸರಾಸರಿ ಗೊತ್ತಾ? ಮೂರು ವರ್ಷದಲ್ಲಿ 37 ಓಟ, ಒಟ್ಟು 1,299 ಗಜ. ವರ್ಷಕ್ಕೆ ಹನ್ನೆರಡು ಹದಿಮೂರು ಓಟ ಅಷ್ಟೆ. ಅದರಲ್ಲಿ ಆರು ಟಚ್‌ಡೌನ್. 1972ರ ಆ ಒಂದೇ ಪಂದ್ಯದಲ್ಲಿ ಎರಡು, 97 ಗಜದ್ದೊಂದು, 96 ಗಜದ್ದೊಂದು. ಆ ದಿನ ಡೇವಿಸ್ ಒಬ್ಬನೇ ಒಟ್ಟು ಆರು ಟಚ್‌ಡೌನ್ ಗಳಿಸಿದ್ದ.

ಆ ಆರು ದೊಡ್ಡ ಓಟಗಳನ್ನು ಅಂದಾಜಿಗೆ ತಲಾ 90 ಗಜ ಅಂತ ಇಟ್ಟುಕೊಂಡು ಪಕ್ಕಕ್ಕಿಡಿ. 540 ಗಜ ಹೋಯಿತು. ಉಳಿದದ್ದು 31 ಓಟ, 759 ಗಜ. ಸರಾಸರಿ 24ರ ಆಸುಪಾಸು.

ಜಾಕ್ಸನ್‌ನ 2016ರ ಲೆಕ್ಕಕ್ಕೂ ಹಾಗೇ ಮಾಡಿ. 26 ಓಟ, 767 ಗಜ, ಎರಡು ಟಚ್‌ಡೌನ್. ಆ ಎರಡೂ ನೂರರ ಹತ್ತಿರದವು. ತೆಗೆದಿಟ್ಟರೆ ಉಳಿದ 24 ಓಟಗಳ ಸರಾಸರಿಯೂ 24ರ ಆಸುಪಾಸೇ.

ಅಂದರೆ ಮಾಮೂಲಿ ದಿನದಲ್ಲಿ ಇಬ್ಬರೂ ಹೆಚ್ಚುಕಡಿಮೆ ಒಂದೇ. 35.1ಕ್ಕೂ 29.5ಕ್ಕೂ ನಡುವಿನ ಅಂತರ ಹುಟ್ಟಿದ್ದು ಕೈಬೆರಳಲ್ಲಿ ಎಣಿಸಬಹುದಾದ ಕೆಲವು ಓಟಗಳಿಂದ. ಇಷ್ಟು ಕಡಿಮೆ ಓಟಗಳಿದ್ದಾಗ ಒಬ್ಬ ಎದುರಾಳಿ ಕಾಲು ಜಾರಿ ಬಿದ್ದರೂ ಸರಾಸರಿ ಎರಡು ಗಜ ಮೇಲೇರುತ್ತದೆ, ತನ್ನವನೊಬ್ಬ ಅಡ್ಡಗಟ್ಟುವುದರಲ್ಲಿ ಒಂದು ಕ್ಷಣ ತಡಮಾಡಿದರೂ ಕೆಳಗಿಳಿಯುತ್ತದೆ.

ಮಾಮೂಲಿ ದಿನದ 24ಕ್ಕೂ ಎರಡು ಕಾಲದಲ್ಲಿ ಎರಡು ಬೆಲೆ. ಗೋಲಿನ ಗೆರೆಯಿಂದ ಓಟ ಶುರುವಾಯಿತು ಅಂದುಕೊಂಡರೆ ಡೇವಿಸ್ ಬಿಟ್ಟಿ ಗೆರೆಗಿಂತ ನಾಲ್ಕು ಗಜ ಮುಂದೆ, ಜಾಕ್ಸನ್ ಒಂದು ಗಜ ಹಿಂದೆ. ಎಲ್ಲ ಓಟವೂ ಗೋಲಿನ ಗೆರೆಯಿಂದಲೇ ಶುರುವಾಗುವುದಿಲ್ಲ, ಕೆಲವು ಚೆಂಡು ಮುಂದೆಯೇ ಬೀಳುತ್ತವೆ, ಹಾಗಾಗಿ ಇದು ಪಕ್ಕಾ ಲೆಕ್ಕವಲ್ಲ. ಆದರೂ ಜಾಕ್ಸನ್ ಮೇಲೆ ಅಂಕಿಯಲ್ಲಿ ಕಾಣದ ಒಂದು ಭಾರವಿತ್ತು ಅನ್ನುವುದು ಗೊತ್ತಾಗುತ್ತದೆ. ಪ್ರತಿ ಸಲವೂ "ಕೂತರೆ 25 ಸಿಗುತ್ತದೆ, ಓಡಲೋ ಬೇಡವೋ" ಎಂದು ಕಣ್ಣು ಮಿಟುಕಿಸುವಷ್ಟರಲ್ಲಿ ತೀರ್ಮಾನಿಸಬೇಕಿತ್ತು. ಸರಿಯಾಗಿ ಯೋಚಿಸಿ ಕೂತ ಸಲ ಪುಸ್ತಕದಲ್ಲಿ ಅವನ ಹೆಸರಿನ ಮುಂದೆ ಏನೂ ಬರೆಯುವುದಿಲ್ಲ.

ಡೇವಿಸ್‌ನ ಪಾಲಿಗೆ ಒಂದು ಮಾತು ಹೇಳದಿದ್ದರೆ ತಪ್ಪಾಗುತ್ತದೆ. 1974ರಲ್ಲಿ ಅದೇ ನೋಟರ್ ಡೇಮ್ ವಿರುದ್ಧ ಯುಎಸ್‌ಸಿ 0-24 ಹಿಂದಿತ್ತು. ಮೊದಲರ್ಧ ಮುಗಿಯುವಾಗ 6-24. ಎರಡನೇ ಅರ್ಧದ ಮೊದಲ ಒದೆತವನ್ನೇ ಡೇವಿಸ್ ಹಿಡಿದು ಆ ತುದಿಗೆ ಓಡಿಬಿಟ್ಟ. ನೋಟರ್ ಡೇಮ್ ಆಮೇಲೆ ಒಂದು ಅಂಕವನ್ನೂ ಗಳಿಸಲಿಲ್ಲ. ಯುಎಸ್‌ಸಿ 55-24ರಲ್ಲಿ ಗೆದ್ದಿತು. ಇಂಥ ಓಟದ ಬೆಲೆ ಯಾವ ಸರಾಸರಿಯಲ್ಲೂ ಹಿಡಿಯುವುದಿಲ್ಲ.

ಪುಸ್ತಕದಲ್ಲಿ ಹೆಸರಿಲ್ಲದ ಹುಡುಗ

ಈ ಗೆರೆಗಳನ್ನು ಯಾಕೆ ಸರಿಸುತ್ತಾ ಹೋದರು ಅಂತ ಕೇಳಬೇಕು. ಬರೀ ಆಟ ಚೆಂದವಾಗಲಿ ಅಂತಲ್ಲ.

ನ್ಯೂಜೆರ್ಸಿ ರಾಜ್ಯದ ರಟ್ಗರ್ಸ್ ಕಾಲೇಜು. ಅಮೆರಿಕದ ಮೊದಲ ಕಾಲೇಜು ಫುಟ್‌ಬಾಲ್ ಪಂದ್ಯ 1869ರಲ್ಲಿ ನಡೆದದ್ದೇ ಅಲ್ಲಿ, ರಟ್ಗರ್ಸ್ ಮತ್ತು ಪ್ರಿನ್ಸ್‌ಟನ್ ನಡುವೆ. ನಮ್ಮ ಕನ್ನಡದ ಎಷ್ಟೋ ಸಾಫ್ಟ್‌ವೇರ್ ಕುಟುಂಬಗಳು ಈಗ ಇರುವುದೂ ಆ ರಾಜ್ಯದಲ್ಲೇ. 2010ರ ಅಕ್ಟೋಬರ್ 16ರಂದು ಆರ್ಮಿ ತಂಡದ ವಿರುದ್ಧದ ಪಂದ್ಯದಲ್ಲಿ ರಟ್ಗರ್ಸ್ ಕಿಕಾಫ್ ಒದೆಯಿತು. ಎರಿಕ್ ಲೆಗ್ರ್ಯಾಂಡ್ ಎಂಬ ಇಪ್ಪತ್ತು ವರ್ಷದ ಹುಡುಗ ಓಟಗಾರನನ್ನು ಬೀಳಿಸಲು ನುಗ್ಗಿದ. ಡಿಕ್ಕಿಯಾದದ್ದೇ ತಡ, ಮೈ ಮರದ ಕೊರಡಿನಂತೆ ನೆಲಕ್ಕೆ ಬಿತ್ತು. ಕುತ್ತಿಗೆಯ ಮೂಳೆ ಮುರಿದಿತ್ತು. ಕತ್ತಿನಿಂದ ಕೆಳಗೆ ಮೈ ಸ್ವಾಧೀನ ಹೋಯಿತು.

ಗಮನಿಸಿ, ಅವನು ಓಡಿದವನಲ್ಲ, ತಡೆಯಲು ಹೋದವನು. ಎಷ್ಟು ಗಜ ಓಡಿದ, ಎಷ್ಟು ಟಚ್‌ಡೌನ್ ಅನ್ನುವ ಪಟ್ಟಿಯಲ್ಲಿ ಅವನ ಹೆಸರು ಬರುವುದೇ ಇಲ್ಲ. ಲೆಗ್ರ್ಯಾಂಡ್ ಆಮೇಲೆ ಗಾಲಿಕುರ್ಚಿಯಲ್ಲೇ ಓದು ಮುಂದುವರಿಸಿ 2014ರಲ್ಲಿ ಪದವಿ ಪಡೆದರು. ಅವರ 52ನೇ ನಂಬರಿನ ಅಂಗಿಯನ್ನು ಇನ್ನು ಯಾರಿಗೂ ಕೊಡುವುದಿಲ್ಲ ಎಂದು ಕಾಲೇಜು 2013ರಲ್ಲಿ ತೀರ್ಮಾನಿಸಿತು. ಆಗಿನ ರಟ್ಗರ್ಸ್ ಕೋಚ್ ಗ್ರೆಗ್ ಶಿಯಾನೊ ಕಿಕಾಫ್ ಅನ್ನೇ ತೆಗೆದುಹಾಕಿ ಬೇರೆ ವಿಧಾನ ತರೋಣ ಎಂದು ಸಲಹೆ ಕೊಟ್ಟರು. ಅದನ್ನು ಒಪ್ಪಲಿಲ್ಲ. ಆದರೆ ಗೆರೆಗಳನ್ನು ಮಾತ್ರ ಸರಿಸಿದರು.

ಸರಿಸಿದ್ದರಿಂದ ಉಪಯೋಗವಾಯಿತೇ? ಹಾರ್ವರ್ಡ್, ಯೇಲ್ ಮೊದಲಾದ ಎಂಟು ಕಾಲೇಜುಗಳ ಐವಿ ಲೀಗ್‌ನಲ್ಲಿ ಒಂದು ಲೆಕ್ಕವಿದೆ. 2015ರಲ್ಲಿ ಅಲ್ಲಿ ಕಿಕಾಫ್ ಇಡೀ ಆಟದ ಶೇ. 6ರಷ್ಟು ಮಾತ್ರ ಇತ್ತು. ಆದರೆ ತಲೆಗೆ ಪೆಟ್ಟು ಬಿದ್ದು ಮಿದುಳು ಅಲುಗಿದ ಪ್ರಕರಣಗಳಲ್ಲಿ ಶೇ. 21ರಷ್ಟು ಕಿಕಾಫ್‌ನಲ್ಲೇ ಆಗಿದ್ದವು. 2016ರಲ್ಲಿ ಅವರು ಒದೆಯುವ ಗೆರೆಯನ್ನು 35ರಿಂದ 40ಕ್ಕೆ ಮುಂದೆ ತಂದರು. ಚೆಂಡು ಎಂಡ್ ಜೋನ್‌ಗೆ ಸುಲಭವಾಗಿ ಹೋಗತೊಡಗಿತು, ಹುಡುಗರು ಓಡುವುದು ಕಡಿಮೆಯಾಯಿತು. ಸಾವಿರ ಕಿಕಾಫ್‌ಗೆ ಸುಮಾರು 11 ಇದ್ದ ಇಂಥ ಪೆಟ್ಟು ಸುಮಾರು 2ಕ್ಕೆ ಇಳಿಯಿತು. ಈ ಅಧ್ಯಯನ 2018ರಲ್ಲಿ ಅಮೆರಿಕದ ವೈದ್ಯರ ಪ್ರಮುಖ ಪತ್ರಿಕೆಯಲ್ಲಿ ಪ್ರಕಟವಾಯಿತು.

ಹಾಗಾಗಿ "ಈಗಿನ ಹುಡುಗರಿಗೆ ದಮ್ ಇಲ್ಲ, ಹಿಂದಿನವರ ಹಾಗೆ ರಿಟರ್ನ್ ಮಾಡುವವರೇ ಇಲ್ಲ" ಎಂದು ಹಳೇ ಅಭಿಮಾನಿಗಳು ಗೊಣಗಿದರೆ ನನಗೆ ಒಪ್ಪಿಗೆಯಿಲ್ಲ. ರಿಟರ್ನ್ ಕಡಿಮೆಯಾಗಿದ್ದು ಹುಡುಗರು ಹೆದರಿದ್ದರಿಂದ ಅಲ್ಲ. ಕಡಿಮೆಯಾಗಲಿ ಎಂದೇ ನಿಯಮ ಮಾಡಿದರು. ಅಲ್ಲಿ ಕೆಳಗಿಳಿದ ಅಂಕಿ ಯಾವುದೋ ಮನೆಯ ಮಗ ಎರಡು ಕಾಲಿನ ಮೇಲೆ ನಡೆದು ಮನೆಗೆ ಹೋದದ್ದರ ಗುರುತು.

ಆಟದ ರೋಚಕತೆ ಹೋಯಿತು ಅನ್ನುವವರ ಮಾತಿನಲ್ಲೂ ಸತ್ಯವಿದೆ. ಡೇವಿಸ್‌ನ 1974ರ ಓಟ ಬಿಟ್ಟಿ ಗೆರೆ 25ರಲ್ಲಿದ್ದಿದ್ದರೆ ಆಗುತ್ತಿತ್ತೋ ಇಲ್ಲವೋ. ಎನ್‌ಎಫ್‌ಎಲ್‌ನವರು 2024ರಲ್ಲಿ ಎರಡೂ ತಂಡದವರನ್ನು ಹತ್ತಿರ ಹತ್ತಿರ ನಿಲ್ಲಿಸಿ, ಅಷ್ಟು ದೂರದಿಂದ ನುಗ್ಗಿ ಬರುವುದನ್ನು ತಪ್ಪಿಸಿ, ಓಟವನ್ನು ಉಳಿಸಿಕೊಳ್ಳುವ ಹೊಸ ಕಿಕಾಫ್ ತಂದದ್ದು ಈ ಕೊರಗಿನಿಂದಲೇ. ಅದು ಸರಿಯೋ ತಪ್ಪೋ ಚರ್ಚೆ ಮಾಡಲಿ. ಆದರೆ ನಾಳೆ ಯಾರಾದರೂ 2023ರ ರಿಟರ್ನ್‌ಗೂ 2024ರ ರಿಟರ್ನ್‌ಗೂ ಹೋಲಿಸಿ ಯಾರನ್ನಾದರೂ ಶೂರ ಅಂತಲೋ ಹೇಡಿ ಅಂತಲೋ ಕರೆದರೆ ನಾನು ನಂಬುವುದಿಲ್ಲ.

ನಾನು ಬರೆದ "ಕುಸಿತ"

ಈಗ ನನ್ನ ತಪ್ಪಿಗೆ ಬರುತ್ತೇನೆ.

2024ರ ಮೇ ತಿಂಗಳು. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ದಿನ. ರಾಜ್ಯದ ಫಲಿತಾಂಶ 2023ರಲ್ಲಿ ಶೇ. 83.89 ಇದ್ದದ್ದು ಶೇ. 73.40ಕ್ಕೆ ಇಳಿದಿತ್ತು. ಡೆಸ್ಕ್‌ನಿಂದ ಫೋನ್: "ನಿಮ್ಮ ತಾಲ್ಲೂಕಿಂದು ಕಳಿಸಿ, ಹೋದ ವರ್ಷಕ್ಕೆ ಹೋಲಿಸಿ, ಮುನ್ನೂರು ಪದ, ಅರ್ಧ ಗಂಟೆ." ನಾನು ಕಳಿಸಿದೆ. ಯಾವ ಶಾಲೆ ಎಷ್ಟು ಕುಸಿದಿದೆ ಅಂತ ಹೆಸರು ಹಾಕಿ ಕಳಿಸಿದೆ. ಮಾರನೇ ದಿನ ಒಳಪುಟದಲ್ಲಿ ದಪ್ಪಕ್ಷರದಲ್ಲಿ ಬಂತು.

ಆ ಪಟ್ಟಿಯಲ್ಲಿದ್ದ ಒಂದು ಸರ್ಕಾರಿ ಪ್ರೌಢಶಾಲೆಯ ಮುಖ್ಯ ಶಿಕ್ಷಕಿ ಸಂಜೆ ಫೋನ್ ಮಾಡಿದರು. ಬೈಯಲಿಲ್ಲ. "ಈ ಸಲ ಪರೀಕ್ಷಾ ಕೊಠಡಿಗೆ ಕ್ಯಾಮೆರಾ ಹಾಕಿ ವೆಬ್‌ಕಾಸ್ಟಿಂಗ್ ಮಾಡಿದ್ದು ನಿಮಗೆ ಗೊತ್ತಿತ್ತಲ್ಲಪ್ಪ? ಕೃಪಾಂಕ ಶೇ. 10 ಇದ್ದದ್ದನ್ನು 20 ಮಾಡಿದ್ದೂ ಗೊತ್ತಿತ್ತಲ್ಲ? ಎರಡನ್ನೂ ಒಂದು ಸಾಲು ಬರೆಯಬಹುದಿತ್ತು" ಅಂದರು. ಎಸ್‌ಡಿಎಂಸಿ ಸಭೆಯಲ್ಲಿ ಒಬ್ಬರು ಪೇಪರ್ ಎತ್ತಿ ತೋರಿಸಿ "ಟೀಚರ್‌ಗಳು ಪಾಠ ಮಾಡಲ್ಲ, ಅದಕ್ಕೇ ಕುಸಿದಿದೆ" ಅಂದಿದ್ದರಂತೆ. ಆ ಶಾಲೆಯಲ್ಲಿ ಮುಂಚೆಯೂ ನಕಲು ನಡೆಯುತ್ತಿರಲಿಲ್ಲ, ಮುಂಚೆಯೂ ಅವರು ಸಂಜೆ ಆರರವರೆಗೆ ಮಕ್ಕಳನ್ನು ಕೂರಿಸಿಕೊಂಡು ಓದಿಸುತ್ತಿದ್ದರು. ನನಗೆ ಅದೂ ಗೊತ್ತಿತ್ತು.

ಆ ವರ್ಷ ಎರಡು ಗೆರೆ ಸರಿದಿದ್ದವು, ಅದೂ ಒಂದಕ್ಕೊಂದು ಎದುರು ದಿಕ್ಕಿಗೆ. ಕ್ಯಾಮೆರಾ ಅಂಕಿಯನ್ನು ಕೆಳಗೆ ಎಳೆಯಿತು, ಕೃಪಾಂಕ ಮೇಲಕ್ಕೆ ಎತ್ತಿತು. ನಡುವೆ ಆ ಶಾಲೆ ನಿಜವಾಗಿ ಏರಿತ್ತೋ ಇಳಿದಿತ್ತೋ ಅನ್ನುವುದನ್ನು ನನ್ನ ಮುನ್ನೂರು ಪದ ಹೇಳಲೇ ಇಲ್ಲ. ಸುಳ್ಳು ಅಂಕಿ ಒಂದೂ ಬರೆದಿರಲಿಲ್ಲ. ಆದರೂ ಓದಿದವರಿಗೆ ಮುಟ್ಟಿದ್ದು ಸುಳ್ಳೇ. ತಿದ್ದುಪಡಿ ಕೇಳಿದೆ. "ಅಂಕಿ ತಪ್ಪಿಲ್ಲವಲ್ಲ" ಅಂದರು.

ಹಾಗಾದರೆ ಹೋಲಿಸಲೇಬಾರದಾ?

ಹೋಲಿಸಬೇಕು. ಹೋಲಿಸದಿದ್ದರೆ ಯಾರು ಸುಧಾರಿಸಿದರು, ಯಾರು ನಿದ್ದೆ ಹೊಡೆದರು ಅಂತ ಗೊತ್ತಾಗುವುದೇ ಇಲ್ಲ. ಕಿಕ್ ರಿಟರ್ನ್‌ನಲ್ಲಾದರೆ ನಾನು ಮೂರು ಪ್ರಶ್ನೆ ಕೇಳುತ್ತೇನೆ.

ಒಂದು, ಆ ವರ್ಷ ಸುಮ್ಮನೆ ಕೂತಿದ್ದರೆ ಎಷ್ಟು ಸಿಗುತ್ತಿತ್ತು? ಅದಕ್ಕಿಂತ ಎಷ್ಟು ಹೆಚ್ಚು ತಂದ? ಇಷ್ಟು ಗಜ ಓಡಿದ ಅನ್ನುವುದಕ್ಕಿಂತ ಬಿಟ್ಟಿ ಗೆರೆಯಿಂದ ಎಷ್ಟು ಮುಂದೆ ಅನ್ನುವುದನ್ನು ಬರೆದರೆ 1972ಕ್ಕೂ 2016ಕ್ಕೂ ಒಂದೇ ಅಳತೆಗೋಲು ಸಿಗುತ್ತದೆ.

ಎರಡು, ಅದೇ ವರ್ಷ, ಅದೇ ನಿಯಮದಲ್ಲಿ ಆಡಿದ ಬೇರೆ ಕಾಲೇಜಿನ ಹುಡುಗರಿಗಿಂತ ಎಷ್ಟು ಚೆನ್ನಾಗಿ ಓಡಿದ? ಗೆರೆ ಎಲ್ಲಿದ್ದರೂ ಆ ವರ್ಷ ಎಲ್ಲರಿಗೂ ಒಂದೇ ಅಲ್ಲವೇ.

ಮೂರು, ಎಷ್ಟು ಓಟದ ಲೆಕ್ಕ ಇದು? ಹತ್ತು ಹನ್ನೆರಡು ಓಟದ ಮೇಲೆ ಒಬ್ಬನಿಗೆ ಪಟ್ಟ ಕಟ್ಟುವುದೂ ಬೇಡ, ಇನ್ನೊಬ್ಬನನ್ನು ಕೆಳಗಿಳಿಸುವುದೂ ಬೇಡ. ಒಂದು ತಂಡದ ರಿಟರ್ನ್ ಚೆನ್ನಾಗಿದೆಯೋ ಇಲ್ಲವೋ ನೋಡಬೇಕಾದರೆ ಒಬ್ಬ ಹುಡುಗನನ್ನು ಬಿಟ್ಟು ನಾಲ್ಕೈದು ವರ್ಷದ ಎಲ್ಲ ಓಟಗಾರರನ್ನೂ ಒಟ್ಟಿಗೆ ನೋಡಬೇಕು. ದಾರಿ ಬಿಡಿಸಿಕೊಟ್ಟ ಹತ್ತು ಜನರ ಕೆಲಸ ಆಗ ಕಾಣುತ್ತದೆ.

ಅಕ್ಕನ ಮಗನಿಗೆ ಇದನ್ನೆಲ್ಲ ವಾಯ್ಸ್ ಮೆಸೇಜ್‌ನಲ್ಲಿ ಹೇಳಿ, ಕೊನೆಗೆ ನನ್ನ ತೀರ್ಪನ್ನೂ ಹೇಳಿದೆ. ತುದಿ ಮುಟ್ಟುವುದರಲ್ಲಿ ಡೇವಿಸ್ ದೊಡ್ಡವನು, 37ರಲ್ಲಿ ಆರು ಸಲ ಅಂದರೆ ಯಾವ ನಿಯಮದಲ್ಲೂ ಅದ್ಭುತ. ಆದರೆ "35.1ಕ್ಕೆ 29.5, ಲೆಕ್ಕ ಮುಗೀತು" ಅನ್ನುವ ಮಾತು ನಿಲ್ಲುವುದಿಲ್ಲ. ಅವನು ಸ್ವಲ್ಪ ಹೊತ್ತು ಬಿಟ್ಟು ಉತ್ತರ ಕಳಿಸಿದ: "ಸರಿ ಮಾಮ. ನಮ್ಮ ಶಾಲೆ ವಿಷಯ ಬರೆದಾಗ ಇಷ್ಟೆಲ್ಲ ಯೋಚನೆ ಮಾಡಿದ್ದೆಯಾ?" ಅವನು ಓದಿದ್ದು ಅದೇ ಪ್ರೌಢಶಾಲೆಯಲ್ಲಿ.

ಇರಲಿಲ್ಲ ಅಂತ ಒಪ್ಪಿಕೊಂಡೆ. ಇನ್ನು ಮುಂದೆ ಫಲಿತಾಂಶದ ಸುದ್ದಿ ಬರೆಯುವಾಗ ಮೊದಲ ಪ್ಯಾರಾದಲ್ಲೇ ಈ ವರ್ಷ ಏನು ನಿಯಮ ಬದಲಾಗಿದೆ ಅಂತ ಹಾಕುತ್ತೇನೆ. ಕೊನೆಯಲ್ಲಿ ಹಾಕಿದರೆ ಜಾಗ ಸಾಲದೆ ಮೊದಲು ಕತ್ತರಿಸುವುದು ಅದನ್ನೇ. ನೀವೂ ಒಂದು ಕೆಲಸ ಮಾಡಿ. ನಿಮ್ಮೂರಿನ ಶಾಲೆಯ, ಡೇರಿಯ, ಪಂಚಾಯಿತಿಯ ಬಗ್ಗೆ ನನ್ನಂಥವರು "ಹೋದ ವರ್ಷಕ್ಕಿಂತ ಕುಸಿತ" ಅಂತ ಬರೆದಾಗ ಫೋನ್ ಮಾಡಿ ಕೇಳಿ: ಹೋದ ವರ್ಷದ ಗೆರೆ ಎಲ್ಲಿತ್ತು, ಈ ವರ್ಷದ್ದು ಎಲ್ಲಿದೆ? ಉತ್ತರ ಗೊತ್ತಿಲ್ಲದೆ ಬರೆದಿದ್ದರೆ, ಮುಂದಿನ ಸಲ ತಿಳಿದುಕೊಂಡು ಬರೆಯುತ್ತೇವೆ.